ನಲವತ್ತೇಳನೇ ನಂಬರಿನ ತಾಯಿತ

ಇದರಲ್ಲಿ ಒಂದೇ ಒಂದು ಮಾತು ಸುಳ್ಳಿದ್ದರೂ, ಮುಂದಿನ ಬೆಳೆಗೆ ನಾಲೆಯ ನೀರು ಊರಿನ ಎಲ್ಲರ ಗದ್ದೆಗೂ ಇಳಿದು ನಮ್ಮ ಗದ್ದೆಯೊಂದನ್ನೇ ಬಿಟ್ಟು ಮುಂದೆ ಹೋಗಲಿ. ಇದಕ್ಕಿಂತ ದೊಡ್ಡ ಆಣೆ ಈ ಸೀಮೆಯಲ್ಲಿ ಇದುವರೆಗೆ ಯಾರಿಗೂ ಹೊಳೆದಿಲ್ಲ.

ಚಿನಕುರಳಿಯ ಚಲುವಯ್ಯ ಸುಳ್ಳುಗಾರನಲ್ಲ. ನಡೆದದ್ದಕ್ಕೆ ಸ್ವಲ್ಪ ಗೊಬ್ಬರ ಹಾಕಿ ಹೇಳುತ್ತಿದ್ದ, ಅಷ್ಟೇ. ಬೆಳಗೊಳದ ಭಾವಮೈದನ ಜೊತೆ ಕನ್ನಂಬಾಡಿ ಹಿನ್ನೀರಿಗೆ ಗಾಳ ಹಾಕಲು ಹೋದಾಗ ತಾನು ಹಿಡಿದ ಮೀನನ್ನು ದಡಕ್ಕೆ ಎಳೆದುಕೊಂಡ ಕೂಡಲೇ ಕಟ್ಟೆಯ ನೀರು ಎರಡು ಅಂಗುಲ ಇಳಿಯಿತೆಂದೂ, ಮಾರನೇ ದಿನ ಪೇಪರಿನವರು ವಿಷಯ ತಿಳಿಯದೆ ಅದನ್ನು ತಮಿಳುನಾಡಿನ ಲೆಕ್ಕಕ್ಕೆ ಬರೆದುಕೊಂಡರೆಂದೂ ಹೇಳುತ್ತಿದ್ದ. ಹೇಳುವಾಗ ಅವನ ಮುಖ ಪಡಿತರ ಅಂಗಡಿಯ ಬಾಗಿಲಿನ ಹಾಗಿರುತ್ತಿತ್ತು. ತೆರೆದಿದೆಯೋ ಮುಚ್ಚಿದೆಯೋ ಹತ್ತಿರ ಹೋದರೂ ಗೊತ್ತಾಗುತ್ತಿರಲಿಲ್ಲ.

ಹದಿನೆಂಟು ವರ್ಷ ಅವನು ಡೇರಿಯ ಹಾಲಿನ ಟ್ಯಾಂಕರಿನೊಳಗೆ ಇಳಿದು ಉಜ್ಜುವ ಕೆಲಸ ಮಾಡಿದ್ದ. ಆಮೇಲೆ ಆ ಕೆಲಸಕ್ಕೆ ಮೆಷಿನ್ನು ಬಂತು. ಅದೇ ಹೊತ್ತಿಗೆ ಪಾಂಡವಪುರ ರೈಲ್ವೆ ಸ್ಟೇಷನ್ನಿನ ಆಚೆ, ಹಳೇ ಅಕ್ಕಿ ಗಿರಣಿಯ ಜಾಗದಲ್ಲಿ, ವಿಮಾನದ ಪೆಟ್ರೋಲ್ ಟ್ಯಾಂಕು ಮಾಡುವ ಶೆಡ್ಡೊಂದು ಶುರುವಾಗಿತ್ತು. ಅರವತ್ತು ಜನ ಕೂರುವ ವಿಮಾನ. ಅದರ ಟ್ಯಾಂಕು ಇರುವುದು ರೆಕ್ಕೆಯೊಳಗೆ. ಒಳಗೆ ಹೋಗಲು ಮೊರದಷ್ಟು ಅಗಲದ ಒಂದು ಕಂಡಿ. ಕೆಲಸಕ್ಕೆ ಬಂದ ಏಳು ಜನರನ್ನು ಸಾಲಾಗಿ ನಿಲ್ಲಿಸಿ, ಆ ಕಂಡಿಯಲ್ಲಿ ತೂರಿ ತೋರಿಸಿ ಎಂದರು. ಆರು ಜನ ಸಿಕ್ಕಿಹಾಕಿಕೊಂಡರು. ಅವರಲ್ಲೊಬ್ಬನನ್ನು ಈಚೆಗೆ ತೆಗೆಯಲು ಅರ್ಧ ಲೀಟರು ಕೊಬ್ಬರಿ ಎಣ್ಣೆ ಬೇಕಾಯಿತು. ಏಳನೆಯವನಾದ ಚಲುವಯ್ಯ ಒಳಗೆ ಹೋಗಿ ಕೂತು, "ಇಲ್ಲೇನ್ ಮಾಡ್ಬೇಕು ಮೇಡಂ?" ಎಂದು ಒಳಗಿನಿಂದಲೇ ಕೇಳಿದ.

ಮಾಡಬೇಕಾದದ್ದು ಇಷ್ಟೇ. ತಗಡಿಗೆ ತೂತು ಕೊರೆದು ರಿವೆಟ್ಟು ಬಡಿದು ಅಂಟು ಮೆತ್ತಿದ ಮೇಲೆ ಒಳಗೆ ಏನೇನೋ ಉಳಿದಿರುತ್ತದೆ. ಲೋಹದ ಸುರುಳಿ, ರಿವೆಟ್ಟಿನ ಬಾಲ, ಒಂದು ವಾಷರು, ಒರೆಸುವ ಬಟ್ಟೆಯ ಚೂರು. ಕಂಡಿ ಮುಚ್ಚುವ ಮುಂಚೆ ಕೊನೆಯದಾಗಿ ಒಳಗೆ ಹೋದವನು ಟಾರ್ಚು, ಕನ್ನಡಿ ಹಿಡಿದು ಅಷ್ಟನ್ನೂ ಹೆಕ್ಕಿ ತರಬೇಕು.

"ಪೆಟ್ರೋಲ್ ಹೋಗೋ ಪೈಪಿನ ಬಾಯಲ್ಲಿ ಒಂದು ಜಾಲರಿ ಇರುತ್ತೆ," ಎಂದು ಮೊದಲ ದಿನವೇ ಅರ್ಪಿತ ಹೇಳಿದ್ದಳು. ಒಳಗೆ ಏನೂ ಉಳಿದಿಲ್ಲವೆಂದು ಕೊನೆಯ ಸಹಿ ಹಾಕುವ ಇಂಜಿನಿಯರು ಅವಳೇ. "ಅಲ್ಲಿ ಏನಾದ್ರೂ ಹೋಗಿ ಕೂತ್ಕೊಂಡ್ರೆ ಎಂಜಿನ್ ಕೆಮ್ಮುತ್ತೆ. ಬಸ್ಸು ಕೆಮ್ಮಿದ್ರೆ ಇಳಿದು ತಳ್ತೀರಿ. ಅಲ್ಲಿ ಇಳಿಯೋದೆಲ್ಲಿಗೆ?"

ಅರ್ಪಿತಳ ಊರು ಹೊಸಹೊಳಲು. ಬೇರೆಯವರು ಕೆಲಸದಲ್ಲಿ ಸಡಿಲ ಬಿಟ್ಟಾಗಲೆಲ್ಲ ಅವಳು ತನ್ನೂರಿನ ದೇವಸ್ಥಾನದ ಮಾತು ತೆಗೆಯುತ್ತಿದ್ದಳು. "ಅಷ್ಟು ಕಂಬ ಕಡೆದಿದ್ದಾರೆ, ಒಂದು ಚಕ್ಕೆ ಒಳಗೆ ಬಿಟ್ಟು ಹೋಗಿಲ್ಲ. ಅವರ ಹತ್ರ ಟಾರ್ಚೂ ಇರ್ಲಿಲ್ಲ."

ಅವಳ ಕಾನೂನು ಬಾಗಿಲಲ್ಲೇ ಶುರುವಾಗುತ್ತಿತ್ತು. ಅಲ್ಲಿ ಒಂದು ಮೇಜು, ಮೇಜಿನ ಹಿಂದೆ ಬೆಟ್ಟಮ್ಮ, ಬೆಟ್ಟಮ್ಮನ ಹಿಂದೆ ಗೋಡೆಯ ಉದ್ದಕ್ಕೂ ಒಂದು ಹಲಗೆ. ಹಲಗೆಯ ಮೇಲೆ ನಲವತ್ತಾರು ಸಾಮಾನಿನ ಆಕಾರವನ್ನು ಬಣ್ಣದಲ್ಲಿ ಬರೆದಿದ್ದರು. ಸ್ಪ್ಯಾನರು ತೆಗೆದರೆ ಸ್ಪ್ಯಾನರಿನ ಆಕಾರ ಖಾಲಿ ಕಾಣಬೇಕು. ಸಂಜೆಗೆ ಯಾವ ಆಕಾರವೂ ಖಾಲಿ ಇರಬಾರದು. ಒಳಗೆ ಹೋಗುವವರ ಜೇಬನ್ನೆಲ್ಲ ಹೊಲಿದುಬಿಟ್ಟಿದ್ದರು. ಉಂಗುರ, ಬಳೆ, ಹೂವು, ಹೇರ್‌ಪಿನ್ನು ಎಲ್ಲ ಮೇಜಿನ ಮೇಲೆ. ಹೋಗುವಾಗ ಒಂದು ಟಿಕ್ಕು, ಬರುವಾಗ ಒಂದು ಟಿಕ್ಕು. ಗೋಡೆಯ ಮೇಲೆ ದಪ್ಪ ಅಕ್ಷರದ ಬೋರ್ಡು: ಎಣಿಸದೆ ಟಿಕ್ ಹಾಕಿದವರು, ಎಣಿಸಿಕೊಳ್ಳದೆ ಹೋದವರು, ಇಬ್ಬರೂ ಮಾರನೇ ದಿನ ಬರುವುದು ಬೇಡ.

ತೊಂದರೆ ಬಂದದ್ದು ಚಲುವಯ್ಯನ ಉಡಿದಾರಕ್ಕೆ.

"ಅದನ್ನೂ ಬಿಚ್ಚಿಡಿ," ಎಂದಳು ಅರ್ಪಿತ.

"ಮೇಡಂ, ಉಡ್ದಾರ ಬಿಚ್ಚೋದು ಒಂದೇ ಸತಿ, ಸತ್ತಾಗ. ಆಗ ನಾವು ಬಿಚ್ಚಕಿಲ್ಲ, ಬೇರೆಯೋರು ಕುಯ್ದು ತೆಗೀತಾರೆ."

ಮಾರನೇ ದಿನ ಅವನ ಹೆಂಡತಿ ಸಿದ್ದಲಿಂಗಮ್ಮ, ಹುಲ್ಲು ಕೊಯ್ಯುವ ಕುಡುಗೋಲು ಹಿಡಿದೇ ಗೇಟಿಗೆ ಬಂದಳು. ಜಗಳಕ್ಕೆ ತಂದದ್ದಲ್ಲ, ದಾರಿಯಲ್ಲಿ ಹುಲ್ಲು ಕೊಯ್ಯಲು ತಂದದ್ದು. ಆದರೆ ಸೆಕ್ಯೂರಿಟಿಯವನು ಕೇಳದೆ ಒಳಗೆ ಬಿಟ್ಟ. "ಅವ್ನಿನ್ನೂ ಗಟ್ಟಿಮುಟ್ಟಾಗಿ ಬದ್ಕವ್ನೆ ಕಣವ್ವ. ನನ್ ಗಂಡನ್ ಉಡ್ದಾರ ಬಿಚ್ಸೋಕೆ ನಿಂಗೇನ್ ಅವಸ್ರ?" ಎಂದು ಕೇಳಿದಳು.

ಅರ್ಪಿತ ಒಂದು ರಾತ್ರಿ ಯೋಚಿಸಿ ಬಂದು ಬೆಟ್ಟಮ್ಮನ ಪುಸ್ತಕದಲ್ಲಿ ಹೊಸ ಸಾಲು ಬರೆದಳು. ನಂಬರು ನಲವತ್ತೇಳು: ಉಡಿದಾರ ಒಂದು, ಅದರಲ್ಲಿ ತಾಮ್ರದ ತಾಯಿತ ಒಂದು. ಅಂದಿನಿಂದ ಚಲುವಯ್ಯ ಟ್ಯಾಂಕಿಗೆ ಇಳಿಯುವಾಗ, ಟ್ಯಾಂಕಿನಿಂದ ಬಂದಾಗ, ಬೆಟ್ಟಮ್ಮ ಅವನ ಅಂಗಿ ಎತ್ತಿಸಿ ಉಡಿದಾರ ಜಗ್ಗಿ, ತಾಯಿತ ಮುಟ್ಟಿ, ಟಿಕ್ ಹಾಕಬೇಕು. ಆರು ತಿಂಗಳು ಹಾಗೆಯೇ ನಡೆಯಿತು. ವಿಮಾನದ ಸಾಮಾನೆಂದು ಪುಸ್ತಕದಲ್ಲಿ ದಾಖಲಾದ ಉಡಿದಾರ ಮಂಡ್ಯ ಜಿಲ್ಲೆಯಲ್ಲಿ ಅದೊಂದೇ ಎಂದು ಚಲುವಯ್ಯ ಊರಲ್ಲಿ ಹೇಳಿಕೊಂಡ. ಯಾರೂ ನಂಬಲಿಲ್ಲ.

ಆಮೇಲೊಂದು ಬುಧವಾರ ಮಧ್ಯಾಹ್ನ ಅವನು ಟ್ಯಾಂಕಿನಿಂದ ಹೊರಗೆ ಬಂದಾಗ ಮೀನಿನ ಕತೆ ಅರ್ಧಕ್ಕೆ ನಿಂತಿತ್ತು. ಬೆಳಗ್ಗೆ ಒಳಗೆ ಹೋಗುವಾಗ ಶುರು ಮಾಡಿದ್ದು. ಬೆಟ್ಟಮ್ಮ ಅದಕ್ಕೇ ಕಾದಿದ್ದಳು. ತಮಿಳುನಾಡಿನವರು ಥ್ಯಾಂಕ್ಸ್ ಹೇಳಿ ಪತ್ರ ಬರೆದರೆಂಬಲ್ಲಿಗೆ ಬರುವಷ್ಟರಲ್ಲಿ ಅವಳು ನಗುತ್ತಾ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದಳು. ಕಣ್ಣೊರೆಸಿಕೊಳ್ಳುತ್ತಲೇ ನಲವತ್ತೇಳಕ್ಕೆ ಟಿಕ್ ಹಾಕಿದಳು. ನಾಲ್ಕು ಗಂಟೆಗೆ ಕಂಡಿ ಮುಚ್ಚಿ ಸೀಲು ಮಾಡಿದರು. ಟ್ಯಾಂಕು ಕೊಂಡುಕೊಳ್ಳುವ ಕಂಪನಿಯಿಂದ ರವೀಂದ್ರ ಎಂಬ ಹಿರಿಯ ಅಧಿಕಾರಿ ಗುರುವಾರ ಹನ್ನೊಂದಕ್ಕೆ ಬಂದು ಅದನ್ನು ಲಾರಿಗೆ ಹಾಕಿಸಿಕೊಂಡು ಹೋಗುವುದೆಂದಿತ್ತು.

ಅಂದು ಸಂಜೆ ಚಲುವಯ್ಯ ಮನೆಯ ಹಿಂದೆ ಮೈಗೆ ನೀರು ಹುಯ್ದುಕೊಳ್ಳುವಾಗ ಸೊಂಟಕ್ಕೆ ಕೈ ಹೋಯಿತು. ಉಡಿದಾರ ಇತ್ತು. ತಾಯಿತ ಕಟ್ಟಿದ್ದ ಕುಣಿಕೆ ಇತ್ತು. ತಾಯಿತ ಇರಲಿಲ್ಲ.

ಅವನು ಬಚ್ಚಲು ನೋಡಿದ, ಹಾಸಿಗೆ ಕೊಡವಿದ, ಬಸ್ಸಿಳಿದ ಜಾಗದವರೆಗೆ ಬಗ್ಗಿಕೊಂಡೇ ಹೋಗಿ ಬಗ್ಗಿಕೊಂಡೇ ಬಂದ. ಕೊನೆಗೆ ಕೊಟ್ಟಿಗೆಗೆ ಹೊಕ್ಕ.

"ಅದೇನ್ ಉಡುಕ್ತಿದ್ದೀಯ ಎಮ್ಮೆ ಕಾಲಡೀಲಿ?" ಎಂದಳು ಸಿದ್ದಲಿಂಗಮ್ಮ.

"ಬೀಡಿ."

"ನೀನ್ಯಾವಾಗ ಬೀಡಿ ಸೇದ್ದೋನು?"

"ಇವತ್ತಿಂದ."

ಆಡಿದ ಮಾತು ಉಳಿಸಿಕೊಳ್ಳಬೇಕಲ್ಲ. ಅಂಗಡಿಗೆ ಹೋಗಿ ಒಂದು ಕಟ್ಟು ಬೀಡಿ ತಂದು, ಹೆಂಡತಿಯ ಎದುರಿಗೇ ಒಂದನ್ನು ಪೂರ್ತಿ ಸೇದಿದ. ಕೆಮ್ಮಿಗೆ ಎಮ್ಮೆ ಗೂಟ ಕಿತ್ತುಕೊಂಡು ಪಕ್ಕದ ಮನೆಗೆ ಹೋಗಿ ನಿಂತಿತು. ಕೆಮ್ಮುವಾಗ ಅವನಿಗೆ ಅರ್ಪಿತ ಹೇಳಿದ ಎಂಜಿನ್ನಿನ ಮಾತು ನೆನಪಾಯಿತು. ಮೊದಲ ಸಲಕ್ಕೆ ಅದು ಸರಿಯಾಗಿ ಅರ್ಥವಾಯಿತು. ತಾಯಿತ ಬೆಂಡೆಕಾಯಿಯ ತುದಿಯಷ್ಟಿತ್ತು. ಜಾಲರಿಗೆ ಅಷ್ಟು ಸಾಕು.

ಬೆಳಗ್ಗೆ ಏಳೂವರೆಗೇ ಅವನು ಶೆಡ್ಡಿಗೆ ಬಂದ. ಬೆಟ್ಟಮ್ಮ ಆಗಲೇ ಮೇಜು ಒರೆಸುತ್ತಿದ್ದಳು.

"ಬೆಟ್ಟಕ್ಕ, ತಾಯ್ತ ಒಳಗೇ ಬಿದ್ದೋಗೈತೆ."

"ಬೆಳಬೆಳಗ್ಗೇನೇ ಶುರು ಅಚ್ಕಂಡ್ಯಾ? ಮೀನ್ ನುಂಗ್ತು ಅನ್ನು."

ಅವನು ಅಂಗಿ ಎತ್ತಿದ. ಬೆಟ್ಟಮ್ಮ ಬರೀ ಕುಣಿಕೆಯನ್ನು ನೋಡಿ ಕುರ್ಚಿಯ ಮೇಲೆ ಕೂತಳು. ಆಮೇಲೆ ಗೋಡೆಯ ಬೋರ್ಡು ನೋಡಿದಳು. ದಿನವೂ ಬೆನ್ನಿಗಿದ್ದ ಬೋರ್ಡನ್ನು ಅವಳು ಓದಿದ್ದು ಅದೇ ಮೊದಲು.

"ನಾನ್ ಜಗ್ಗಿ ನೋಡ್ನಿಲ್ಲ."

"ನಾನೂ ಜಗ್ಗುಸ್ಕೊಳ್ನಿಲ್ಲ."

"ಈ ವಯ್ಸಲ್ಲಿ ನಂಗೆ ಕುಂತ್ಕಂಡ್ ಮಾಡೋ ಕೆಲ್ಸ ಇನ್ಯಾರ್ ಕೊಟ್ಟರ್ಲಾ? ಕಬ್ಬಿನ ಗರಿ ಕೀಳೋಕೆ ಓಗ್ಲಾ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಎಲೆಅಡಿಕೆ ಚೀಲಕ್ಕೆ ಕೈ ಹಾಕಿದಳು. ಅವಳ ಮೊಮ್ಮಗನ ತಾಯಿತ ಅದರಲ್ಲಿತ್ತು. ದಾರ ಸವೆದಿತ್ತೆಂದು ಹೊಸ ದಾರ ಹಾಕಿಸಲು ತಂದದ್ದು. ಚಲುವಯ್ಯ ಬೇಡವೆನ್ನುವಷ್ಟರಲ್ಲಿ ಅದನ್ನು ಕುಣಿಕೆಗೆ ಪೋಣಿಸಿ ಎರಡು ಗಂಟು ಹಾಕಿ, ಹಲ್ಲಿನಲ್ಲಿ ಬಿಗಿ ಮಾಡಿದಳು.

"ತಗ. ನಲ್ವತ್ತೇಳು ಸರಿಯಾಯ್ತು."

"ಲೆಕ್ಕ ಸರಿಯಾಯ್ತು ಬೆಟ್ಟಕ್ಕ. ಟ್ಯಾಂಕು?"

ಬೆಟ್ಟಮ್ಮ ಮತ್ತೆ ಮೇಜು ಒರೆಸತೊಡಗಿದಳು. ಆಗಲೇ ಒರೆಸಿದ್ದ ಜಾಗವನ್ನೇ.

ಒಂಬತ್ತಕ್ಕೆ ಅರ್ಪಿತ ಬಂದಳು. ಜೊತೆಗೆ ಸೂಪರ್‌ವೈಸರ್ ದಾಸಯ್ಯ. ಅವನದು ನಾಗಮಂಗಲದ ಕಡೆ ಕೊಬ್ಬರಿ ವ್ಯಾಪಾರದ ಮನೆ. ಯಾವ ವಸ್ತು ಕಂಡರೂ ಮೊದಲು ಬೆರಳಿನಲ್ಲಿ ಕುಟ್ಟಿ ನೋಡುವ ಅಭ್ಯಾಸ. ಚಲುವಯ್ಯ ಇಬ್ಬರನ್ನೂ ನಿಲ್ಲಿಸಿ ಹೇಳಿದ. ಎಂದಿನ ಗೊಬ್ಬರ ಯಾವುದನ್ನೂ ಹಾಕಲಿಲ್ಲ. ನಾಲ್ಕೇ ಮಾತು. ನನ್ನ ತಾಯಿತ ಟ್ಯಾಂಕಿನೊಳಗಿದೆ, ಸೀಲು ಕೀಳಿಸಿ.

ದಾಸಯ್ಯ ಹೊಟ್ಟೆ ಹಿಡಿದುಕೊಂಡು ನಕ್ಕ. "ಲೇ, ಇದ್ ಚೆನ್ನಾಗೈತೆ ಕಣ್ಲಾ! ಮೀನಿಗಿಂತ ಚೆನ್ನಾಗೈತೆ!"

"ಎಮ್ಮೆ ಮೇಲಾಣೆ ದಾಸಣ್ಣ."

"ಮೀನಿನ ಕತೇಗೂ ಅದೇ ಎಮ್ಮೆ ಮೇಲೆ ಇಟ್ಟಿದ್ದೆ. ಇನ್ನೂ ಬದ್ಕೈತಾ ಅದು?"

ಅರ್ಪಿತ ನಗಲಿಲ್ಲ. "ಅಂಗಿ ಎತ್ತಿ," ಎಂದಳು.

ಚಲುವಯ್ಯ ಎತ್ತಿದ. ಉಡಿದಾರದಲ್ಲಿ ತಾಯಿತ ಫಳಫಳ ಹೊಳೆಯುತ್ತಿತ್ತು. ಬೆಟ್ಟಮ್ಮ ಹಲಗೆಯ ಮೇಲಿನ ಸ್ಪ್ಯಾನರುಗಳನ್ನು ಎಡದಿಂದ ಬಲಕ್ಕೆ ಎಣಿಸುತ್ತಿದ್ದಳು.

"ಇದೇನಿದು?"

"ತಾಯ್ತ ಮೇಡಂ. ಆದ್ರೆ ಇದ್ ನಂದಲ್ಲ."

"ಮತ್ತೆ ಯಾರ್ದು?"

ಚಲುವಯ್ಯ ಶೆಡ್ಡಿನ ಚಾವಣಿ ನೋಡಿದ. ಅಲ್ಲಿ ಗಿರಣಿ ಕಾಲದ ಎರಡು ಪಾರಿವಾಳ ಇದ್ದವು. ಅವುಗಳ ಹೆಸರು ಹೇಳೋಣವೆಂದು ಒಂದು ಕ್ಷಣ ಅನ್ನಿಸಿತು.

"ಸಿಕ್ತು," ಎಂದ.

"ಎಲ್ಲಿ?"

"ಅಂಗೇ ಸಿಕ್ತು."

ಜೀವಮಾನದಲ್ಲಿ ಅವನು ಇಷ್ಟು ಕೆಟ್ಟದಾಗಿ ಯಾವ ಕತೆಯನ್ನೂ ಹೇಳಿರಲಿಲ್ಲ. ದಾಸಯ್ಯನಿಗೇ ಬೇಜಾರಾಯಿತು. ಅವನು ಟ್ಯಾಂಕಿನ ಬಳಿ ಹೋಗಿ, ಒಣಗಾಯಿಗೆ ಕುಟ್ಟಿದ ಹಾಗೆ ನಾಲ್ಕು ಕಡೆ ಕುಟ್ಟಿ, ಕಿವಿಯಿಟ್ಟು, ಇಬ್ಬರನ್ನು ಕರೆದು ಒಂದು ತುದಿ ಎತ್ತಿಸಿ ಅಲ್ಲಾಡಿಸಿದ. "ಒಳಗೆ ಕೊಬ್ಬರಿ ಗಿಟುಕು ಇದ್ರೆ ಲೊಟಲೊಟ ಅನ್ಬೇಕಿತ್ತು. ಏನಿಲ್ಲ ಮೇಡಂ. ಖಾಲಿ."

"ಟ್ಯಾಂಕು ತೆಂಗಿನಕಾಯಿ ಅಲ್ಲ ದಾಸಯ್ಯ," ಎಂದಳು ಅರ್ಪಿತ. ಆದರೆ ಅವಳ ಕಣ್ಣು ಗಡಿಯಾರದ ಮೇಲಿತ್ತು. "ಚಲುವಯ್ಯನವರೇ, ಪುಸ್ತಕದಲ್ಲಿ ಟಿಕ್ ಇದೆ. ಸೊಂಟದಲ್ಲಿ ತಾಯಿತ ಇದೆ. ಸೀಲು ಕಿತ್ತರೆ ಹಳೇ ಅಂಟು ಕೆರೆಯೋಕೆ ಒಂದು ದಿನ, ಹೊಸದು ಒಣಗೋಕೆ ಒಂದು ದಿನ. ರವೀಂದ್ರ ಸಾರ್‌ಗೆ ಕಾರಣ ಏನು ಅಂತ ಹೇಳ್ಲಿ? ನೀವು ಹೇಳಿದ್ರಿ ಅಂತಾನಾ?"

ಆ ಕೊನೆಯ ಮಾತು ಅವನಿಗೆ ನಾಟಿತು. ನೀವು ಹೇಳಿದ್ರಿ ಅಂತಾನಾ. ಬೆಟ್ಟಮ್ಮನ ಹೆಸರು ಹೇಳಿದರೆ ಮುಗಿಯುತ್ತಿತ್ತು. ಹೇಳಿದರೆ ಅವಳು ಕಬ್ಬಿನ ಗದ್ದೆಗೆ. ಹೇಳದಿದ್ದರೆ ಟ್ಯಾಂಕು ಲಾರಿಗೆ, ಲಾರಿಯಿಂದ ರೆಕ್ಕೆಗೆ, ರೆಕ್ಕೆ ಅರವತ್ತು ಜನರ ಪಕ್ಕಕ್ಕೆ. ಗಡಿಯಾರ ಹತ್ತಾಗಲು ಹತ್ತು ನಿಮಿಷ ತೋರಿಸುತ್ತಿತ್ತು.

ಚಲುವಯ್ಯ ಉಡಿದಾರಕ್ಕೆ ಕೈ ಹಾಕಿ, ನಾಲ್ಕು ಜನ ನೋಡುತ್ತಿದ್ದ ಹಾಗೆ ಗಂಟು ಬಿಚ್ಚತೊಡಗಿದ. ಒಂದು ಗಂಟು, ಎರಡು ಗಂಟು. ನಲವತ್ತಾರು ವರ್ಷದಲ್ಲಿ ಎಂಟು ಸಲ ಉಡಿದಾರ ಬದಲಾಯಿಸಿದ್ದ. ಹೊಸದು ಕಟ್ಟಿಕೊಳ್ಳದೆ ಹಳೆಯದನ್ನು ಬಿಚ್ಚಿದವನಲ್ಲ. ಈಗ ದಾರವನ್ನು ತಾಯಿತದ ಸಮೇತ ಎಳೆದು ಬೆಟ್ಟಮ್ಮನ ಮೇಜಿನ ಮೇಲೆ ಇಟ್ಟ.

"ಬರ್ಕಳಿ," ಎಂದ. "ಚಲುವಯ್ಯ ಸತ್ತ ಅಂತ್ಲೇ ಬರ್ಕಳಿ. ಸತ್ತೋನ್ಗೆ ಸುಳ್ಳೇಳಿ ಆಗ್ಬೇಕಾದ್ದೇನೈತೆ? ಒಳಗೈತೆ ಮೇಡಂ. ತೆಗ್ಸಿ."

ದಾಸಯ್ಯ ಬಾಯಿ ತೆರೆದು, "ಹಾಲು ತುಪ್ಪ ಯಾವತ್ತು..." ಎಂದು ತಮಾಷೆಗೆ ಶುರು ಮಾಡಿದವನು ಅದು ತಮಾಷೆಯಾಗಿಲ್ಲವೆಂದು ತಿಳಿದು ಮುಚ್ಚಿದ.

ಬೆಟ್ಟಮ್ಮ ಉಡಿದಾರವನ್ನು ನೋಡಿದಳು. ಅದನ್ನು ಮುಟ್ಟಲಿಲ್ಲ. ಆಮೇಲೆ ಎದ್ದು ನಿಂತು, ಇಡೀ ಶೆಡ್ಡಿಗೆ ಕೇಳುವ ಹಾಗೆ ಬೈದಳು. "ಕಟ್ಕಳ್ಲಾ ಮುಂಡೇದೆ! ಒಳ್ಳೇ ದಿನ್ವೇ ಅಪಸಕುನ ಮಾಡ್ತಾನೆ! ಅವ್ವಾ ಅರ್ಪಿತಾ, ಆ ತಾಯ್ತ ನನ್ ಮೊಮ್ಮಗನ್ದು ಕಣವ್ವ. ನಾನೇ ಬೆಳಗ್ಗೆ ಕಟ್ದೆ. ನಿನ್ನೆ ಜಗ್ಗಿ ನೋಡ್ನಿಲ್ಲ. ಈ ಮೂದೇವಿ ಮೀನಿನ ಕತೆ ಏಳ್ತಿದ್ದ, ನಗಾಡ್ಕಂಡ್ ಟಿಕ್ ಆಕ್ಬುಟ್ಟೆ."

ಅರ್ಪಿತ ಪುಸ್ತಕ ತೆಗೆದುಕೊಂಡು ಆ ಟಿಕ್ಕನ್ನೇ ನೋಡುತ್ತಾ ನಿಂತಳು. ನಿಜಕ್ಕೂ ಅದು ನಗುವಾಗ ಹಾಕಿದ ಟಿಕ್ಕಿನ ಹಾಗೆಯೇ ಇತ್ತು. ಬಾಲ ಮೂರು ಸಾಲು ದಾಟಿ ಹೋಗಿತ್ತು.

"ದಾಸಯ್ಯ, ಸೀಲು ಕೀಳಿ," ಎಂದಳು.

ಸೀಲು ಕೀಳಲು ಮುಕ್ಕಾಲು ಗಂಟೆ ಹಿಡಿಯಿತು. ಚಲುವಯ್ಯ ಸೊಂಟದಲ್ಲಿ ದಾರವೂ ಇಲ್ಲದೆ ಕಂಡಿಯಲ್ಲಿ ತೂರಿದ. ಒಳಗೆ ತಗಡಿನ ಅಡ್ಡಗೋಡೆ ಹಾಕಿ ಮಾಡಿದ ಮೊದಲನೇ ಮನೆ, ಎರಡನೇ ಮನೆ, ಎರಡೂ ತೊಳೆದ ಹಾಲಿನ ಕ್ಯಾನಿನ ಹಾಗೆ. ಮೂರನೆಯದರ ಮೂಲೆಯಲ್ಲಿ, ನಿನ್ನೆ ಮೆತ್ತಿದ ಅಂಟಿನಲ್ಲಿ, ತಾಯಿತ ಅರ್ಧ ಹೂತುಕೊಂಡು ಕೂತಿತ್ತು. ಅದಕ್ಕೇ ದಾಸಯ್ಯ ಕುಟ್ಟಿದ್ದಕ್ಕೆ ಅದು ಓಗೊಟ್ಟಿರಲಿಲ್ಲ. ಇನ್ನೊಂದು ವಾರಕ್ಕೆ ಅಂಟು ಅದರ ಸುತ್ತ ಸೀಳಿ, ಮೇಲೆ ಹೋದಾಗ ನಡುಕಕ್ಕೆ ಕಳಚಿ ಬೀಳುತ್ತಿತ್ತು ಎಂದು ಅರ್ಪಿತ ಆಮೇಲೆ ಹೇಳಿದಳು. ಚಲುವಯ್ಯ ಪ್ಲಾಸ್ಟಿಕ್ಕಿನ ಬಿಲ್ಲೆಯಿಂದ ಅದನ್ನು ಎಬ್ಬಿಸಿ, ಅಂಟಿನ ಚೂರನ್ನೂ ಬಿಡದೆ ಎತ್ತಿಕೊಂಡು, ಕಂಡಿಯಿಂದ ಕೈ ಮಾತ್ರ ಹೊರಗೆ ಚಾಚಿದ. ಬೆಟ್ಟಮ್ಮ ಅಂಗೈಯಿಂದ ತಾಯಿತ ತೆಗೆದುಕೊಂಡು ಬೆಳಕಿಗೆ ಹಿಡಿದು, ಕಚ್ಚಿ ನೋಡಿ, ಆಮೇಲೆ ಟಿಕ್ ಹಾಕಿದಳು. ಬಾಲವಿಲ್ಲದ ಟಿಕ್ಕು.

ರವೀಂದ್ರ ಹನ್ನೊಂದಕ್ಕೆ ಸರಿಯಾಗಿ ಬಂದ. ನೆರೆತ ಮೀಸೆ, ಇಸ್ತ್ರಿ ಮಾಡಿದ ಅಂಗಿ, ಕಮ್ಮಿ ಮಾತು. ಬಾಯಿ ತೆರೆದ ಟ್ಯಾಂಕು ನೋಡಿದ, ಖಾಲಿ ನಿಂತ ಲಾರಿ ನೋಡಿದ, ಗೋಡೆಯ ಬೋರ್ಡು ಓದಿದ. ಅರ್ಪಿತ ಒಂದನ್ನೂ ಮುಚ್ಚಿಡದೆ ಹೇಳಿದಳು. ಎರಡು ದಿನ ತಡ ಎಂದೂ ಹೇಳಿದಳು.

"ಬೋರ್ಡಿನ ಪ್ರಕಾರ ಇವರಿಬ್ಬರೂ ನಾಳೆ ಬರೋ ಹಾಗಿಲ್ಲ ಅಲ್ವೇನಮ್ಮ?" ಎಂದು ಅವನು ಕೇಳಿದ.

ಚಲುವಯ್ಯ ಬೆಟ್ಟಮ್ಮನ ಕಡೆ ನೋಡಿದ. ಬೆಟ್ಟಮ್ಮ ಎಲೆಅಡಿಕೆ ಚೀಲ ಕಟ್ಟಿಕೊಳ್ಳುತ್ತಿದ್ದಳು.

ಅರ್ಪಿತ ಮೇಜಿನ ಮೇಲಿದ್ದ ದಪ್ಪ ಪೆನ್ನು ತೆಗೆದುಕೊಂಡು, ಕುರ್ಚಿ ಹತ್ತಿ, ಬೋರ್ಡಿನಲ್ಲಿ 'ಇಬ್ಬರೂ' ಎಂಬ ಪದದ ಮುಂದೆ ಒಂದು ಗುರುತು ಹಾಕಿ, ಸಂದಿಯಲ್ಲಿ ಸಣ್ಣದಾಗಿ ಸೇರಿಸಿದಳು: ಬಂದು ಹೇಳದಿದ್ದರೆ. ಅಕ್ಷರ ಸೊಟ್ಟಗಿತ್ತು. ಕುರ್ಚಿಯ ಒಂದು ಕಾಲು ಗಿಡ್ಡ.

"ನಾಳೆ ಎಂಟಕ್ಕೆ ಬನ್ನಿ ಇಬ್ಬರೂ," ಎಂದಳು. "ಬೆಟ್ಟಮ್ಮ, ಇನ್ಮೇಲೆ ಮೊದಲು ಜಗ್ಗೋದು, ಆಮೇಲೆ ಕತೆ."

ಬೆಟ್ಟಮ್ಮ ಚೀಲ ಬಿಚ್ಚಿ ಒಂದು ಎಲೆ ಮಡಿಚಿ ಬಾಯಿಗಿಟ್ಟುಕೊಂಡಳು. ಚಲುವಯ್ಯ ಮೂಲೆಗೆ ತಿರುಗಿ ಉಡಿದಾರ ಕಟ್ಟಿಕೊಂಡು ಮತ್ತೆ ಬದುಕಿದ. ಹೆಂಡತಿಗೆ ಮಾತ್ರ ಗೊತ್ತಾಗದಿರಲಿ ಎಂದುಕೊಂಡ. ಚಿನಕುರಳಿಗೆ ಆಗಲೇ ಗೊತ್ತಾಗಿತ್ತು.

ರವೀಂದ್ರ ಕುರ್ಚಿ ಎಳೆದುಕೊಂಡು, ತಡವಾದದ್ದಕ್ಕೆ ಕಾರಣ ಬರೆಯುವ ಹಾಳೆ ತೆಗೆದ. "ನೀವೇ ಹೇಳಿ. ನಡೆದದ್ದು ನಡೆದ ಹಾಗೆ."

ಚಲುವಯ್ಯ ಹೇಳಿದ. ರವೀಂದ್ರ ತಲೆ ಎತ್ತದೆ ಬರೆದುಕೊಂಡ. ಸೊಂಟಕ್ಕೆ ಕೈ ಹೋದದ್ದು, ಬೀಡಿ ಸೇದಿದ್ದು, ಮೂರನೇ ಮನೆಯ ಮೂಲೆ. ಒಂದು ಪುಟ ತುಂಬಿತು. ಕೆಳಗೆ 'ಕಾರಣ ಒಪ್ಪಿದೆ' ಎಂದು ಬರೆದು, ಸಹಿ ಹಾಕಿ, ಹಾಳೆಯನ್ನು ಅರ್ಪಿತಳಿಗೆ ಕೊಟ್ಟ. ಚಲುವಯ್ಯನ ಆಯಸ್ಸಿನಲ್ಲಿ ಅವನು ಹೇಳಿದ್ದನ್ನು ಒಬ್ಬರು ಪೂರ್ತಿ ನಂಬಿ, ಬರೆದುಕೊಂಡು, ಕೆಳಗೆ ಸಹಿ ಬೇರೆ ಹಾಕಿದ್ದರು. ಆ ಸುಖವನ್ನು ಅವನಿಗೆ ಅಷ್ಟಕ್ಕೇ ಬಿಡಲು ಆಗಲಿಲ್ಲ.

"ಆಮ್ಯಾಕೇನಾಯ್ತು ಅಂದ್ರೆ ಸಾ," ಎಂದು ಕುರ್ಚಿಯ ಹತ್ತಿರಕ್ಕೆ ಸರಿದ. "ತಾಯ್ತ ಕೀಳೋಕೆ ಕೈ ಆಕುದ್ನಾ, ಬರ್ನಿಲ್ಲ. ಜಗ್ಗಿದೆ. ಆಗ್ಲೂ ಬರ್ನಿಲ್ಲ. ಇದೇನಪ್ಪಾ ಅಂತ ಟಾರ್ಚ್ ಬುಟ್ ನೋಡ್ತೀನಿ, ಆ ಕಡೆಯಿಂದ ಒಂದ್ ಕೈ ಇಡ್ಕಂಡೈತೆ! ಬಳೆ ಕೈ. ನಂಗೆ ಇಡ್ದಿದ್ದು ಎದ್ರಿಕೆ ಅಲ್ಲ ಸಾ, ಸಿಟ್ಟು. ಬಳೆ ಬಾಗ್ಲಲ್ಲಿ ಬಿಚ್ಚಿಡ್ಬೇಕಲ್ವಾ? 'ಯಾವೂರವ್ವಾ, ಬೆಟ್ಟಕ್ಕನ್ ಬುಕ್ಕಲ್ಲಿ ಎಸ್ರು ಬರ್ಸಿ ಬಂದಿದ್ದೀಯಾ?' ಅಂದೆ. ಅದುಕ್ಕೆ ಆ ಎಂಗ್ಸು..."

ರವೀಂದ್ರ ಪೆನ್ನಿನ ಮುಚ್ಚಳ ಹಾಕಿ ಎದ್ದು ನಿಂತ. ಚೀಲ ಹೆಗಲಿಗೆ ಹಾಕಿಕೊಂಡು ಲಾರಿಯ ಕಡೆ ನಡೆಯತೊಡಗಿದ.

"...ಆ ಎಂಗ್ಸು ಏನಂದ್ಲು ಗೊತ್ತಾ ಸಾ? ಸಾ! 'ನಾನ್ ಬಂದಿರೋದು ಕೆ.ಆರ್. ಪೇಟೆಯಿಂದ ಕಣಣ್ಣ, ಈ ಟ್ಯಾಂಕಲ್ಲಿ ನಾನು ಮೂರ್ ದಿನದಿಂದ...'"

ಉಳಿದದ್ದು ಲಾರಿಯ ಸದ್ದಿಗೆ ಕೇಳಲಿಲ್ಲ.